ಗಂಜಿ ಊಟಕ್ಕೆ ಲೈಸಿನ್ ಸೇರಿಸುವ ಕ್ರಮ

ಕುಚ್ಚಲಕ್ಕಿಯಲ್ಲಿ ಪ್ರೋಟೀನ್ ಇಲ್ಲವೆಂದಲ್ಲ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 7 ಗ್ರಾಂ ಇದೆ. ಕೊರತೆ ಇರುವುದು ಪ್ರೋಟೀನಿನ ಒಂದು ಘಟಕವಾದ ಲೈಸಿನ್ ಎಂಬ ಅಮೈನೋ ಆಮ್ಲದ್ದು: ಅಷ್ಟು ಅಕ್ಕಿಗೆ 250 ಮಿಲಿಗ್ರಾಂ ಆಸುಪಾಸು. ಇದನ್ನು ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾರದು. ಸ್ನಾಯು ಬೆಳೆಯಲು, ಚರ್ಮ ಮತ್ತು ಎಲುಬಿನ ಕೊಲಾಜೆನ್ ಎಳೆಗಳು ಬಿಗಿಯಾಗಿ ಹೆಣೆದುಕೊಳ್ಳಲು ಅದು ಬೇಕೇ ಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಪ್ರಕಾರ ದೊಡ್ಡವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 30 ಮಿಲಿಗ್ರಾಂ ಬೇಕು. 60 ಕಿಲೋ ತೂಗುವವರಿಗೆ 1,800. ದಿನಕ್ಕೆ 300 ಗ್ರಾಂ ಅಕ್ಕಿ ಉಂಡರೆ 750 ಸಿಕ್ಕಿತು. ಉಳಿದ ಸಾವಿರ ಚಿಲ್ಲರೆಗೆ 60ರಿಂದ 65 ಗ್ರಾಂ ಒಣ ಹೆಸರುಕಾಳು ಸಾಕು, ಇಲ್ಲವೇ 70 ಗ್ರಾಂನಷ್ಟು ಬಂಗುಡೆಯ ಮಾಂಸ. ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆ, ಮಂಗಳೂರಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಕಾರಣ ಮಳೆಗಾಲದಲ್ಲಿ ಕಾಳೇ ಆಧಾರ.

ಹೆಸರು ಸುಲಭ: ಎಂಟು ಗಂಟೆ ನೆನೆಸಿ, ಕುಕ್ಕರಿನಲ್ಲಿ ಎರಡು ಮೂರು ಸೀಟಿ. ಹುಣಸೆಹುಳಿಯನ್ನು ಮೊದಲೇ ಹಾಕಬೇಡಿ, ಹುಳಿ ಬಿದ್ದರೆ ಕಾಳು ಬೇಗ ಮೆತ್ತಗಾಗದು. ಬೆಂದ ಮೇಲೆ ಹುಳಿ, ತೆಂಗಿನಕಾಯಿ ಮಸಾಲೆ ಹಾಕಿ ಗಸಿ ಮಾಡಿ.

ಹುರುಳಿಗೆ ತಾಳ್ಮೆ ಬೇಕು. ಕಲ್ಲು ಆರಿಸಿ ತೊಳೆದು 10ರಿಂದ 12 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಒಂದು ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ 25 ನಿಮಿಷ ಬೇಯಿಸಿ. ಕಾಳನ್ನು ಬೆರಳಲ್ಲಿ ಹಿಸುಕಿದಾಗ ಒಳಗೆ ಗಟ್ಟಿ ತಿರುಳು ಸಿಕ್ಕರೆ ಇನ್ನೂ ಬೇಯಬೇಕು. ಅರೆಬೆಂದ ಹುರುಳಿಯಲ್ಲಿ ಪ್ರೋಟೀನ್ ಜೀರ್ಣಿಸುವ ಕಿಣ್ವವನ್ನೇ ತಡೆಯುವ ಅಂಶ ಉಳಿದಿರುತ್ತದೆ. ಇಲ್ಲೊಂದು ದೊಡ್ಡ ನಷ್ಟವಾಗುತ್ತದೆ: ಬಸಿದ ಕಟ್ಟು ಸಾರಿಗೆ, ಕಾಳು ದನದ ಅಕ್ಕಚ್ಚಿಗೆ. ಸಾರು ರುಚಿಯೇ, ಆದರೆ ಲೈಸಿನ್ನಿನ ಬಹುಪಾಲು ಕಾಳಿನಲ್ಲೇ ಕೂತಿರುತ್ತದೆ. ಒಂದು ಹಿಡಿ ಕಾಳನ್ನು ಮಸಾಲೆಯ ಜೊತೆ ಅರೆದು ಸಾರಿಗೆ ಸೇರಿಸಿ. ಉಳಿದದ್ದಕ್ಕೆ ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆ ಕೊಟ್ಟರೆ ಗಂಜಿಗೆ ಪಲ್ಯವಾಯಿತು. ಕಾಳಿನಲ್ಲಿ ಕಡಿಮೆಯಿರುವ ಮೆಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಅಕ್ಕಿಯಿಂದ ಬರುತ್ತದೆ, ಆದ್ದರಿಂದ ಎರಡೂ ಬೇಕು.

ನೀರುದೋಸೆ ಬರೀ ಅಕ್ಕಿ. ಬೆಲ್ಲ–ಕಾಯಿಸುಳಿಯಿಂದ ಈ ಕೊರತೆ ತುಂಬದು, ಕಡಲೆ ಗಸಿಯೋ ಮೀನುಸಾರೋ ಇರಲಿ. ಕೊಟ್ಟೆ ಕಡುಬಿಗೆ ಒಂದು ಪಾವು ಉದ್ದಿಗೆ ಎರಡು ಪಾವು ಅಕ್ಕಿ ಒಳ್ಳೆಯ ಅಳತೆ.

ಮಕ್ಕಳ ಹುರಿಹಿಟ್ಟಿಗೆ ಕಾಳನ್ನು ಸಣ್ಣ ಉರಿಯಲ್ಲಿ ಹುರಿದು, ಘಮ ಬಂದ ಕೂಡಲೇ, ಕಂದು ತಿರುಗುವ ಮೊದಲೇ ಇಳಿಸಿ. ಒಣ ಕಾವಿನಲ್ಲಿ ಲೈಸಿನ್ ಸಕ್ಕರೆಯಂಶಕ್ಕೆ ಅಂಟಿಕೊಂಡರೆ ಹೊಟ್ಟೆಗೆ ಹೋದರೂ ದೇಹಕ್ಕೆ ದಕ್ಕದು. ಬೆಲ್ಲವನ್ನು ಹಿಟ್ಟು ಪೂರ್ತಿ ತಣಿದ ಮೇಲೆಯೇ ಬೆರೆಸಿ.