ಸಾಂತ್ವನ ಕೇಂದ್ರದ ಅನುದಾನ: ಲೆಕ್ಕ ಬರೆದವಳ ಅನುಭವ

ನಮ್ಮ ಕೇಂದ್ರದ ವೋಚರುಗಳ ಕಡತದಲ್ಲಿ ಬಸ್ ಚಾರ್ಜಿನ 68 ರೂಪಾಯಿಯ ಒಂದು ಚೀಟಿ ಇತ್ತು. ಹಣ ಪಡೆದವರ ಹೆಸರಿನ ಜಾಗ ಖಾಲಿ. ಸಹಿಯ ಜಾಗದಲ್ಲಿ ನಮ್ಮ ಸಮಾಜ ಕಾರ್ಯಕರ್ತೆಯ ಸಹಿ. ಲೆಕ್ಕಪರಿಶೋಧಕರು ಅದರ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, "ಮೇಡಂ, ಇದು ಯಾರಿಗೆ ಕೊಟ್ಟದ್ದು?" ಎಂದು ಕೇಳಿದರು. ಆ ಹೆಣ್ಣುಮಗಳು ರಾತ್ರಿ ಹನ್ನೊಂದು ಗಂಟೆಗೆ ಎರಡು ಮಕ್ಕಳನ್ನು ಕಟ್ಟಿಕೊಂಡು ಬಂದು, ಬೆಳಗಿನ ಮೊದಲ ಬಸ್ಸಿಗೆ ತವರಿಗೆ ಹೋದವಳು. "ನನ್ನ ಹೆಸರು ಎಲ್ಲೂ ಬರೀಬೇಡಿ ಅಕ್ಕಾ" ಎಂದು ಅವಳು ಕೇಳಿಕೊಂಡಿದ್ದಳು. ಗಂಡನ ಕಡೆಯವರೊಬ್ಬರು ಅದೇ ಊರಿನ ಸರ್ಕಾರಿ ಕಚೇರಿಯೊಂದರಲ್ಲಿದ್ದುದರಿಂದ ಅವಳ ಭಯ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಸರ್ಕಾರದ ಹಣದ ಒಂದು ರೂಪಾಯಿಯನ್ನೂ ಹೆಸರಿಲ್ಲದವರಿಗೆ ಕೊಟ್ಟೆವು ಎಂದು ಬರೆಯಲು ಲೆಕ್ಕದ ಪುಸ್ತಕ ಒಪ್ಪುವುದಿಲ್ಲ. ಅವತ್ತು ಆ 68 ರೂಪಾಯಿಯನ್ನು ಸಂಸ್ಥೆಯ ಸ್ವಂತ ಖಾತೆಗೆ ಹಾಕಿಕೊಂಡು ಪಾರಾದೆವು. ಆದರೆ ಅದನ್ನೇ ಪ್ರತಿ ಸಲ ಮಾಡುತ್ತ ಹೋಗಲಾಗುವುದಿಲ್ಲ ಎಂಬುದು ಸ್ಪಷ್ಟವಾಗಿತ್ತು.

ನಾನು ಸಮಾಲೋಚನೆಗೆ ಕೂತವಳಲ್ಲ. ತಾಲ್ಲೂಕು ಕೇಂದ್ರವೊಂದರಲ್ಲಿ ನಮ್ಮ ಸ್ವಯಂಸೇವಾ ಸಂಸ್ಥೆ ನಡೆಸುತ್ತಿದ್ದ ಸಾಂತ್ವನ ಕೇಂದ್ರದ ಪ್ರಸ್ತಾವನೆ ಬರೆಯುವುದು, ಅನುದಾನದ ಬೆನ್ನು ಹತ್ತುವುದು, ಬಂದ ಹಣ ಹೇಗೆ ಖರ್ಚಾಯಿತೆಂದು ತೋರಿಸುವ ಬಳಕೆ ಪ್ರಮಾಣಪತ್ರ ಸಿದ್ಧಪಡಿಸುವುದು, ಇವು ಹನ್ನೊಂದು ವರ್ಷ ನನ್ನ ಪಾಲಿನ ಕೆಲಸಗಳಾಗಿದ್ದವು. ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಗಾಗಿ ಕರ್ನಾಟಕ ಸರ್ಕಾರ 2000-01ರಲ್ಲಿ ಆರಂಭಿಸಿದ ಈ ಯೋಜನೆಯನ್ನು ಸ್ವಯಂಸೇವಾ ಸಂಸ್ಥೆಗಳ ಮೂಲಕವೇ ನಡೆಸುವ ಪದ್ಧತಿ ಬಂದದ್ದರಿಂದ, ನಮ್ಮಂಥ ಸಣ್ಣ ಸಂಸ್ಥೆಗಳು ಒಂದು ಕೈಯಲ್ಲಿ ಅಳುವವರ ಕೈ ಹಿಡಿದು ಇನ್ನೊಂದು ಕೈಯಲ್ಲಿ ನಗದು ಪುಸ್ತಕ ಬರೆಯುವುದನ್ನು ಕಲಿಯಬೇಕಾಯಿತು. ಒಬ್ಬ ಆಪ್ತ ಸಮಾಲೋಚಕಿ, ಪಾಳಿಯ ಮೇಲೆ ಬರುವ ಮೂವರು ಸಮಾಜ ಕಾರ್ಯಕರ್ತೆಯರು, ಎರಡು ಕೋಣೆ, ಒಂದು ದೂರವಾಣಿ: ನಮ್ಮ ಕೇಂದ್ರವೆಂದರೆ ಇಷ್ಟೇ.

ಹೆಸರಿನ ಸಮಸ್ಯೆಗೆ ನಾವು ಕಂಡುಕೊಂಡ ದಾರಿ ಹೀಗಿತ್ತು. ಕೇಂದ್ರಕ್ಕೆ ಬಂದ ಪ್ರತಿಯೊಬ್ಬರಿಗೂ ಒಂದು ಸಂಕೇತ ಸಂಖ್ಯೆ ಕೊಟ್ಟೆವು. ಪ್ರಕರಣದ ಕಡತದಲ್ಲೂ ವೋಚರಿನಲ್ಲೂ ಆ ಸಂಖ್ಯೆ ಮಾತ್ರ ಇರುತ್ತದೆ. ಯಾವ ಸಂಖ್ಯೆ ಯಾರದು ಎಂದು ಹೇಳುವ ಪುಸ್ತಕ ಒಂದೇ ಒಂದು. ಅದು ಬೀಗ ಹಾಕಿದ ಬೀರುವಿನಲ್ಲಿರುತ್ತದೆ, ಬೀಗದ ಕೈ ಸಮಾಲೋಚಕಿ ಮತ್ತು ಸಂಸ್ಥೆಯ ಕಾರ್ಯದರ್ಶಿ ಇಬ್ಬರ ಬಳಿ ಮಾತ್ರ. ಹಣ ಪಡೆದವಳ ಸಹಿ ಅಥವಾ ಹೆಬ್ಬೆಟ್ಟು ಬೀಳುವುದೂ ಆ ಪುಸ್ತಕದಲ್ಲೇ, ವೋಚರಿನಲ್ಲಲ್ಲ. ಲೆಕ್ಕಪರಿಶೋಧಕರು ತಮಗೆ ಬೇಕೆನಿಸಿದ ಹತ್ತು ವೋಚರುಗಳನ್ನು ಆರಿಸಿ, ಕಾರ್ಯದರ್ಶಿಯ ಎದುರಿನಲ್ಲೇ ಪುಸ್ತಕದೊಂದಿಗೆ ಹೋಲಿಸಿ ನೋಡಬಹುದು, ಆದರೆ ನಕಲು ತೆಗೆದುಕೊಳ್ಳುವಂತಿಲ್ಲ. ಈ ಕ್ರಮವನ್ನು ಕಾರ್ಯಕಾರಿ ಸಮಿತಿಯ ನಿರ್ಣಯವಾಗಿ ಬರೆಸಿ, ಅದರ ಪ್ರತಿಯನ್ನು ಲೆಕ್ಕಪರಿಶೋಧಕರ ಕೈಗೆ ವರ್ಷದ ಆರಂಭದಲ್ಲೇ ಕೊಟ್ಟೆವು. ಆಕ್ಷೇಪಣೆ ಬಂದ ಮೇಲೆ ವಿವರಿಸುವುದಕ್ಕಿಂತ ಮೊದಲೇ ಲಿಖಿತವಾಗಿ ತಿಳಿಸಿದರೆ, ಅದೇ ವಿಷಯ ನೆಪವಾಗಿ ಕಾಣದೆ ಪದ್ಧತಿಯಾಗಿ ಕಾಣುತ್ತದೆ. ಮರುವರ್ಷದ ಪರಿಶೋಧನೆಯಲ್ಲಿ ಈ ಬಗ್ಗೆ ಒಂದೂ ಟಿಪ್ಪಣಿ ಇರಲಿಲ್ಲ.

ಅನುದಾನ ತಡವಾಯಿತು ಎಂಬ ದೂರನ್ನು ನಾನೂ ಹಲವು ಸಲ ಹೇಳಿದ್ದೇನೆ, ಆದರೆ ನಮ್ಮ ಒಂದು ಕಂತು ನಿಂತುಹೋದದ್ದು ಮಾತ್ರ ಸಂಪೂರ್ಣವಾಗಿ ನನ್ನದೇ ತಪ್ಪಿನಿಂದ. ತರಬೇತಿಗೆಂದು ಕೇಂದ್ರ ಸರ್ಕಾರದ ಕಡೆಯಿಂದ ಬಂದಿದ್ದ ಹಣವನ್ನು ನಾವು ಉಳಿತಾಯ ಖಾತೆಯಲ್ಲಿ ಇಟ್ಟಿದ್ದೆವು. ಅದಕ್ಕೆ ನಾಲ್ಕು ಸಾವಿರ ಚಿಲ್ಲರೆ ಬಡ್ಡಿ ಬಂದಿತ್ತು, ನಾನು ಅದನ್ನು ಸಂಸ್ಥೆಯ ಇತರೆ ಆದಾಯವೆಂದು ಬರೆದುಬಿಟ್ಟೆ. 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಅನುದಾನದ ಮೇಲೆ ಬಂದ ಬಡ್ಡಿಯೂ ಸರ್ಕಾರದ್ದೇ. ಲೆಕ್ಕ ಅಂತಿಮಗೊಂಡ ಕೂಡಲೇ ಅದನ್ನು ಮರಳಿಸಬೇಕು. ಬಳಕೆ ಪ್ರಮಾಣಪತ್ರದ 12-ಎ ನಮೂನೆಯಲ್ಲಿ ಬಡ್ಡಿಯ ಅಂಕಣವೇ ಇದೆ. ಅಲ್ಲಿ ನಾನು ಅಡ್ಡಗೆರೆ ಎಳೆದಿದ್ದೆ, ಜೊತೆಗೆ ಲಗತ್ತಿಸಿದ್ದ ಬ್ಯಾಂಕಿನ ವಿವರಪಟ್ಟಿಯಲ್ಲಿ ಬಡ್ಡಿ ಕಣ್ಣಿಗೆ ಹೊಡೆಯುವಂತೆ ಕೂತಿತ್ತು. ಕಡತ ವಾಪಸು ಬಂತು, ಅದನ್ನು ಸರಿಪಡಿಸಿ ಕಳಿಸಿ, ಅದು ಮತ್ತೆ ಮೇಜಿನಿಂದ ಮೇಜಿಗೆ ಹತ್ತಿ ಇಳಿಯುವಷ್ಟರಲ್ಲಿ ಐದು ತಿಂಗಳು ಕಳೆದವು. ಹಣಕಾಸು ವರ್ಷ ಮುಗಿದ 12 ತಿಂಗಳೊಳಗೆ ಪ್ರಮಾಣಪತ್ರ ಕೊಟ್ಟರೆ ಸಾಕೆಂದು ನಿಯಮ ಹೇಳುತ್ತದೆ ನಿಜ, ಆದರೆ ಮುಂದಿನ ಕಂತು ಆ ಪ್ರಮಾಣಪತ್ರಕ್ಕೆ ಕಾದು ಕೂತಿರುವಾಗ 12 ತಿಂಗಳ ಅವಕಾಶ ಎಂಬುದು ಕಾಗದದ ಮೇಲಿನ ಸೌಲಭ್ಯ ಮಾತ್ರ. ಅದಾದ ಮೇಲೆ ಪ್ರತಿ ಅನುದಾನಕ್ಕೂ ಬೇರೆ ಖಾತೆ ತೆರೆದು, ಏಪ್ರಿಲ್ ಮುಗಿಯುವ ಮುನ್ನವೇ ಪ್ರಮಾಣಪತ್ರದ ಕರಡು ಸಿದ್ಧಪಡಿಸುವುದನ್ನು ರೂಢಿ ಮಾಡಿಕೊಂಡೆ.

ಆ ಐದು ತಿಂಗಳು ಸಿಬ್ಬಂದಿಗೆ ಗೌರವಧನ ಹೇಗೆ ಕೊಟ್ಟೆವು ಎಂದು ಹಲವರು ಕೇಳುತ್ತಾರೆ. ಮೊದಲ ಎರಡು ತಿಂಗಳು ಸಂಸ್ಥೆಯ ಠೇವಣಿಯಿಂದ, ಮುಂದಿನದು ಸಮಿತಿಯ ಸದಸ್ಯರಿಂದ ಪಡೆದ ಕೈಗಡದಿಂದ. ಒಬ್ಬ ಕಾರ್ಯಕರ್ತೆ ಮೂರನೆಯ ತಿಂಗಳಲ್ಲಿ ಕೆಲಸ ಬಿಟ್ಟು ಹೋದಳು, ಅವಳನ್ನು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ. ಬೇರೆ ಹೆಂಗಸರಿಗೆ ಆರ್ಥಿಕ ಸ್ವಾವಲಂಬನೆಯ ಮಾತು ಹೇಳಲು ನಾವು ನೇಮಿಸಿಕೊಂಡವಳೇ ತನ್ನ ಮನೆಯ ಬಾಡಿಗೆಗೆ ಸಾಲ ಕೇಳುವಂತಾಗಿತ್ತು. ಈಗ ಯಾರಾದರೂ ಇಂಥ ಕೇಂದ್ರ ನಡೆಸಲು ಅರ್ಜಿ ಹಾಕುತ್ತೇವೆ ಎಂದರೆ, ನಾನು ಮೊದಲು ಕೇಳುವುದು ಆರು ತಿಂಗಳ ಗೌರವಧನದಷ್ಟು ಮೀಸಲು ಹಣ ಇದೆಯೇ ಎಂದು. ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಶ್ನೆಗಳು ಆಮೇಲೆ.

ಎಲ್ಲಕ್ಕಿಂತ ಕಷ್ಟವಾದದ್ದು ತರಬೇತಿಗೆ ಹಣ ಹೊಂದಿಸುವುದು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಅಂಗೀಕಾರಗೊಂಡು 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂತು. ಪೊಲೀಸರಿಗೂ ನ್ಯಾಯಾಂಗದವರಿಗೂ ಕಾಲಕಾಲಕ್ಕೆ ಅರಿವಿನ ತರಬೇತಿ ಕೊಡುವುದು ಸರ್ಕಾರಗಳ ಕರ್ತವ್ಯ ಎಂದು ಅದರ 11ನೇ ಕಲಮು ಹೇಳುತ್ತದೆ. ಆದರೆ ಇದಕ್ಕೆ ಇಂತಿಷ್ಟು ಹಣ ಎಂದು ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಅಮೆರಿಕದಲ್ಲಿ 1984ರ ಕೌಟುಂಬಿಕ ಹಿಂಸೆ ತಡೆ ಮತ್ತು ಸೇವೆಗಳ ಕಾಯ್ದೆಯ ಅಡಿಯಲ್ಲಿ ತರಬೇತಿ ಮತ್ತು ತಾಂತ್ರಿಕ ನೆರವು ಕೊಡುವ ಸಂಪನ್ಮೂಲ ಕೇಂದ್ರಗಳಿಗೆ ಆಶ್ರಯಧಾಮಗಳ ಹಣದಿಂದ ಬೇರೆಯಾದ ಪಾಲು ಸಿಗುತ್ತದೆ. ನಮ್ಮಲ್ಲಿ ಮಹಿಳೆಯರ ಸುರಕ್ಷತೆಗಾಗಿ ತೆಗೆದಿಟ್ಟ 2013ರ ನಿರ್ಭಯಾ ನಿಧಿ, ಸಂತ್ರಸ್ತೆಯರಿಗೆ ಒಂದೇ ಸೂರಿನಡಿ ನೆರವು ಕೊಡಲು 2015ರ ಏಪ್ರಿಲ್‌ನಿಂದ ಆರಂಭವಾದ ಸಖಿ ಒನ್ ಸ್ಟಾಪ್ ಕೇಂದ್ರಗಳು, ಮಹಿಳೆಯರ 181 ಸಹಾಯವಾಣಿ, ಈ ಕೇಂದ್ರಗಳನ್ನೂ ಸಹಾಯವಾಣಿಯನ್ನೂ ಒಂದೇ ಚೌಕಟ್ಟಿಗೆ ತಂದ ಮಿಷನ್ ಶಕ್ತಿ ಯೋಜನೆ, ಹೀಗೆ ಸೇವೆಯ ಕಡೆಗೆ ಹಣದ ಹರಿವು ಹೆಚ್ಚಿತು. ಆ ಸೇವೆ ಕೊಡುವವರನ್ನು ತಯಾರು ಮಾಡುವ ಸ್ಥಳೀಯ ಕೇಂದ್ರಕ್ಕೆ ಮಾತ್ರ ಗೌರವಧನ, ಬಾಡಿಗೆ, ಸಾದಿಲ್ವಾರು (ಬಿಡಿ ಖರ್ಚು) ಎಂಬ ಶೀರ್ಷಿಕೆಗಳ ನಡುವೆ ಎಲ್ಲಿ ಕೂರಬೇಕೆಂದು ತಿಳಿಯುವುದಿಲ್ಲ.

ನಮ್ಮ ಮೊದಲ ಪ್ರಸ್ತಾವನೆಯಲ್ಲಿ 'ಜಾಗೃತಿ ಮತ್ತು ತರಬೇತಿ' ಎಂದು ಒಂದೇ ಸಾಲಿನಲ್ಲಿ ಇಡಿಗಂಟು ಕೇಳಿದ್ದೆವು, ಅದು ತಿರಸ್ಕೃತವಾಯಿತು, ಆಗಬೇಕಾದದ್ದೇ. ಎರಡನೆಯ ಸಲ 11ನೇ ಕಲಮನ್ನು ಮೊದಲ ಪುಟದಲ್ಲೇ ಉಲ್ಲೇಖಿಸಿದೆವು. ಕೇಳುವುದು ದಾನವಲ್ಲ, ಕಾಯ್ದೆಯ ಕರ್ತವ್ಯವೊಂದನ್ನು ನೆರವೇರಿಸಲು ಬೇಕಾದ ವೆಚ್ಚ ಎಂದು ತೋರಿಸಬೇಕಿತ್ತು. ಬಳಿಕ ಒಬ್ಬ ಶಿಬಿರಾರ್ಥಿಗೆ ಒಂದು ದಿನಕ್ಕೆ ತಗಲುವ ಊಟ, ಪ್ರಯಾಣ, ಮುದ್ರಣ, ಸಂಪನ್ಮೂಲ ವ್ಯಕ್ತಿಯ ಗೌರವಧನಗಳನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕಿ ಕೊಟ್ಟೆವು. ವಕೀಲರನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಕರೆಸಿಕೊಂಡದ್ದರಿಂದ ಆ ಬಾಬ್ತು ಉಳಿಯಿತು. ಪ್ರಾಧಿಕಾರಕ್ಕೂ ಇದರಿಂದ ಪ್ರಯೋಜನವಿತ್ತು, ಏಕೆಂದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ ಪ್ರತಿಯೊಬ್ಬ ಮಹಿಳೆಗೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ ಎಂಬುದನ್ನು ಜನರಿಗೆ ತಿಳಿಸುವುದು ಅವರ ಕೆಲಸವೂ ಹೌದು.

ಆ ಪ್ರಸ್ತಾವನೆಯಲ್ಲಿ ನಾನು ಹೋರಾಡಿ ಉಳಿಸಿಕೊಂಡದ್ದು ಒಂದೇ ಸಾಲು: 'ಬದಲಿ ಸಿಬ್ಬಂದಿಯ ವೆಚ್ಚ'. ಸಮಾಲೋಚಕಿ ಮೂರು ದಿನ ತರಬೇತಿಗೆ ಹೋದರೆ ಆ ಮೂರು ದಿನ ಕೇಂದ್ರದ ಬಾಗಿಲು ತೆರೆಯುವವರು ಯಾರು? ಇಪ್ಪತ್ತನಾಲ್ಕು ಗಂಟೆಯೂ ತೆರೆದಿರಬೇಕಾದ ಜಾಗದಲ್ಲಿ ತರಬೇತಿಯ ನಿಜವಾದ ವೆಚ್ಚ ಊಟದ ತಟ್ಟೆಯಲ್ಲಿಲ್ಲ, ಖಾಲಿಯಾದ ಕುರ್ಚಿಯಲ್ಲಿದೆ. ಇದನ್ನು ಪರಿಶೀಲನೆಯ ಸಭೆಯಲ್ಲಿ ವಿವರಿಸಿದಾಗ, ಅಲ್ಲಿದ್ದ ಹಿರಿಯ ಅಧಿಕಾರಿಯೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗನವಾಡಿ ತರಬೇತಿಯಲ್ಲೂ ನಮಗೆ ಇದೇ ತೊಂದರೆ" ಎಂದು ಹೇಳಿ ಆ ಸಾಲನ್ನು ಒಪ್ಪಿದರು.

ತರಬೇತಿಯಲ್ಲಿ ನಾವು ಭಾಷಣಕ್ಕೆ ಒಂದು ಗಂಟೆ ಮಾತ್ರ ಇಟ್ಟು, ಉಳಿದ ಹೊತ್ತನ್ನೆಲ್ಲ ಕೌಟುಂಬಿಕ ಘಟನಾ ವರದಿ ಬರೆಸಲು ಬಳಸಿದೆವು. ನಮ್ಮ ಬಾಯಲ್ಲಿ ಅದು ಡಿಐಆರ್. ಸಂತ್ರಸ್ತೆ ಹೇಳಿದ ಹಿಂಸೆಯನ್ನು ದಾಖಲಿಸುವ, ಕೌಟುಂಬಿಕ ದೌರ್ಜನ್ಯ ಕಾಯ್ದೆಯ 2006ರ ನಿಯಮಗಳ 1ನೇ ನಮೂನೆಯಾದ ಇದರಲ್ಲಿ ದೈಹಿಕ, ಲೈಂಗಿಕ, ಮಾತಿನ ಹಾಗೂ ಭಾವನಾತ್ಮಕ, ಆರ್ಥಿಕ ಹಿಂಸೆಗಳಿಗೆ ಬೇರೆ ಬೇರೆ ಭಾಗಗಳಿವೆ. ಒಂದು ಕಲ್ಪಿತ ಪ್ರಕರಣವನ್ನು ಓದಿ ಹೇಳುತ್ತಿದ್ದೆವು: ಹೆಂಡತಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ, ಅವಳ ಎಟಿಎಂ ಕಾರ್ಡ್ ಅತ್ತೆಯ ಬಳಿ ಇರುತ್ತದೆ, ವಾರಕ್ಕೆ ಬಸ್ಸಿನ ದುಡ್ಡನ್ನು ಅತ್ತೆಯೇ ಎಣಿಸಿ ಕೊಡುತ್ತಾಳೆ, ಒಂದು ದಿನ ಗಂಡ ಕೆನ್ನೆಗೆ ಹೊಡೆಯುತ್ತಾನೆ. ಪೊಲೀಸ್ ಠಾಣೆಯಿಂದ ಬಂದವರೂ, ಮೇಲ್ವಿಚಾರಕಿಯರೂ ಕೆನ್ನೆಯ ಏಟನ್ನು ತಪ್ಪದೆ ಬರೆಯುತ್ತಿದ್ದರು, ಆರ್ಥಿಕ ಹಿಂಸೆಯ ಭಾಗವನ್ನು ಹೆಚ್ಚಿನವರು ಖಾಲಿ ಬಿಡುತ್ತಿದ್ದರು. "ಕಾರ್ಡು ಮನೇಲೇ ಇದೆಯಲ್ಲ ಮೇಡಂ, ಕದ್ದಿಲ್ಲವಲ್ಲ" ಎಂದು ಒಬ್ಬ ಹೆಡ್ ಕಾನ್‌ಸ್ಟೆಬಲ್ ಪ್ರಾಮಾಣಿಕವಾಗಿಯೇ ಕೇಳಿದರು. ಕಾಯ್ದೆಯ 3ನೇ ಕಲಮಿನ ವಿವರಣೆಯನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿದ ಮೇಲೆ ಅವರು ತಮ್ಮ ನಮೂನೆಯನ್ನು ವಾಪಸು ಕೇಳಿ ಪಡೆದು ಆ ಭಾಗವನ್ನು ತುಂಬಿದರು. ಖಾಲಿ ಬಿಟ್ಟ ಆ ಭಾಗ ನ್ಯಾಯಾಲಯದಲ್ಲಿ ಜೀವನಾಂಶದ ಕೋರಿಕೆಯನ್ನೇ ದುರ್ಬಲಗೊಳಿಸುತ್ತದೆ ಎಂಬುದು ಆಗ ಅವರಿಗೆ ಅರ್ಥವಾಯಿತು.

ಈ ಅಭ್ಯಾಸ ಪತ್ರಿಕೆಗಳೇ ನಮ್ಮ ಫಲಿತಾಂಶದ ದಾಖಲೆಯೂ ಆದವು. ಎಷ್ಟು ಜನ ಬಂದರು ಎಂಬ ಹಾಜರಿ ಪಟ್ಟಿ ಮತ್ತು ದೀಪ ಬೆಳಗಿಸುವ ಛಾಯಾಚಿತ್ರ ಎಲ್ಲರ ವರದಿಯಲ್ಲೂ ಇರುತ್ತವೆ. ನಾವು ತರಬೇತಿಯ ಮೊದಲ ದಿನ ಮತ್ತು ಕೊನೆಯ ದಿನ ಅದೇ ವ್ಯಕ್ತಿ ಬರೆದ ಎರಡು ನಮೂನೆಗಳನ್ನು ಪಕ್ಕಪಕ್ಕದಲ್ಲಿ ಲಗತ್ತಿಸಿದೆವು. ಮುಂದಿನ ವರ್ಷದ ಮಂಜೂರಾತಿಗೆ ಬೇರೆ ವಾದ ಬೇಕಾಗಲಿಲ್ಲ.

ಕೌಟುಂಬಿಕ ದೌರ್ಜನ್ಯ ಕಾಯ್ದೆಯ 10ನೇ ಕಲಮಿನಡಿ ಸೇವಾ ಪೂರೈಕೆದಾರರಾಗಿ ನೋಂದಣಿ ಮಾಡಿಸಿಕೊಳ್ಳುವ ವಿಷಯದಲ್ಲಿ ಒಂದು ಮಾತು. ಅರ್ಜಿಗೆ ಮುನ್ನ ಕನಿಷ್ಠ ಮೂರು ವರ್ಷ ಇಂಥ ಸೇವೆ ಕೊಟ್ಟಿರಬೇಕೆಂದು ನಿಯಮವಿದೆ. ನೋಂದಣಿಯಾದರೆ ಸಂತ್ರಸ್ತೆಯ ಇಚ್ಛೆಯಂತೆ ಘಟನಾ ವರದಿಯನ್ನು ನೀವೇ ಬರೆದು, ಅದರ ಪ್ರತಿಯನ್ನು ಮ್ಯಾಜಿಸ್ಟ್ರೇಟರಿಗೂ, ಸಂತ್ರಸ್ತೆಗೆ ನೆರವಾಗಲು ಈ ಕಾಯ್ದೆಯಡಿ ನೇಮಿಸಿದ ಸಂರಕ್ಷಣಾಧಿಕಾರಿಗೂ ಕಳಿಸಬಹುದು. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳೂ ಆಗಿದ್ದಾರೆ. ಅಂಗನವಾಡಿಯಿಂದ ಪೌಷ್ಟಿಕ ಆಹಾರದವರೆಗೆ ಹೊತ್ತುಕೊಂಡ ಅವರಿಗೆ ನಮ್ಮ ವರದಿ ಭಾರ ಇಳಿಸುವ ಕೆಲಸವಾಗುತ್ತಿತ್ತು. ಆದರೆ ನೋಂದಣಿಯಾದ ಮಾತ್ರಕ್ಕೆ ಅನುದಾನ ಬರುವುದಿಲ್ಲ. ಇವೆರಡನ್ನು ಒಂದೇ ಎಂದು ತಿಳಿದು ನಿರಾಶರಾದ ಸಂಸ್ಥೆಗಳನ್ನು ನಾನು ನೋಡಿದ್ದೇನೆ.

ಕೊನೆಗೆ ನಮ್ಮ ಸಂಸ್ಥೆ ಆ ಕೇಂದ್ರದ ಹೊಣೆಯನ್ನು ಬಿಟ್ಟುಕೊಟ್ಟಾಗ ಆಸ್ತಿ ರಿಜಿಸ್ಟರನ್ನು ಮುಂದಿಟ್ಟುಕೊಂಡು ಎರಡು ದಿನ ಕೂತೆವು. ಸರ್ಕಾರದ ಅನುದಾನದಿಂದ ಕೊಂಡದ್ದನ್ನು ಪೂರ್ವಾನುಮತಿಯಿಲ್ಲದೆ ವಿಲೇವಾರಿ ಮಾಡುವಂತಿಲ್ಲವಾದ್ದರಿಂದ ಎರಡು ಮೇಜು, ಆರು ಕುರ್ಚಿ, ಮಂಚ, ಉಕ್ಕಿನ ಬೀರು ಎಲ್ಲವನ್ನೂ ಸಂಖ್ಯೆ ನೋಡಿ ಒಪ್ಪಿಸಿದೆವು. ಬೀರುವಿನೊಳಗಿದ್ದ ಹೆಸರುಗಳ ಪುಸ್ತಕ ಮಾತ್ರ ಯಾವ ಪಟ್ಟಿಯಲ್ಲೂ ಇರಲಿಲ್ಲ. ಅದನ್ನು ಕಾರ್ಯದರ್ಶಿಯವರು ಬ್ಯಾಂಕಿನ ಲಾಕರಿನಲ್ಲಿ ಇಟ್ಟಿದ್ದಾರೆ. ಲಾಕರಿನ ಬಾಡಿಗೆ ಯಾವ ಅನುದಾನದ ಶೀರ್ಷಿಕೆಗೂ ಸೇರುವುದಿಲ್ಲವಾದ್ದರಿಂದ, ಅದನ್ನು ವರ್ಷ ವರ್ಷವೂ ನಮ್ಮ ಸದಸ್ಯರ ವಂತಿಗೆಯಿಂದ ಕಟ್ಟುತ್ತಿದ್ದೇವೆ.