ಬಣ್ಣ ನೋಡಿ ಗಾಡಿ ತಡೆಯುವ ಪೊಲೀಸಿಂಗ್‌ಗೆ ಕಡಿವಾಣ: ಅಮೆರಿಕದ ರಾಜ್ಯ ಮಸೂದೆಯಲ್ಲಿ ಏನಿರಬೇಕು, ಹೇಗಿರಬೇಕು

ರೇಸಿಯಲ್ ಪ್ರೊಫೈಲಿಂಗ್, ಅಂದರೆ ಜನಾಂಗ ಅಥವಾ ಬಣ್ಣ ನೋಡಿ ಪೊಲೀಸರು ಅನುಮಾನಪಡುವುದನ್ನು, ನಿಲ್ಲಿಸುವ ಕಾಯ್ದೆ ವಾಷಿಂಗ್ಟನ್‌ನಿಂದ ಬರಲಿ ಎಂದು ಕಾದು ಕೂತರೆ ಕೆಲಸವಾಗುವುದಿಲ್ಲ. ಕೆಳಮನೆಯ ಜಾನ್ ಕಾನ್ಯರ್ಸ್ ಮತ್ತು ಸೆನೆಟ್‌ನ ರಸ್ ಫೈನ್‌ಗೋಲ್ಡ್ 2001ರಲ್ಲಿ ಮೊದಲ ಬಾರಿಗೆ ಮಂಡಿಸಿದ ‘ಎಂಡ್ ರೇಸಿಯಲ್ ಪ್ರೊಫೈಲಿಂಗ್ ಆಕ್ಟ್’ ಮತ್ತೆ ಮತ್ತೆ ಬಂದರೂ ಕಾಯ್ದೆಯಾಗಲಿಲ್ಲ. ಅದರ ಸಾರವನ್ನು ಒಳಗೊಂಡಿದ್ದ, ಪೊಲೀಸರ ಕೈಯಲ್ಲಿ ಸತ್ತ ಜಾರ್ಜ್ ಫ್ಲಾಯ್ಡ್ ಹೆಸರಿನ ಮಸೂದೆ 2020ರಲ್ಲೂ 2021ರಲ್ಲೂ ಕೆಳಮನೆಯಲ್ಲಿ ಗೆದ್ದು, ಸೆನೆಟ್‌ ದಾಟಲಿಲ್ಲ. ಬದಲಾವಣೆ ಬಂದಿರುವುದು ಹೆಚ್ಚಾಗಿ ರಾಜ್ಯಗಳಲ್ಲಿ ಮತ್ತು ಕೆಲವು ನಗರಗಳಲ್ಲಿ. ಅಲ್ಲಿ ನೆಲೆಸಿರುವ ಕನ್ನಡಿಗರೂ ತಮ್ಮ ಶಾಸಕರನ್ನು ಕೇಳಬೇಕಾದದ್ದು ಇದನ್ನೇ.

ಕೋರ್ಟು ಸಾಲದೇ? ಸಾಲದು. 1996ರ ರೆನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಬಾಗಿಲು ತೆರೆದಿಟ್ಟಿತು: ಚಾಲಕ ಯಾವುದಾದರೂ ಸಂಚಾರ ನಿಯಮ ಮುರಿದಿದ್ದರೆ ಸಾಕು, ಪೊಲೀಸರ ಮನಸ್ಸಿನೊಳಗಿನ ನಿಜವಾದ ಉದ್ದೇಶ ಏನೇ ಇದ್ದರೂ ವಿನಾಕಾರಣ ತಡೆ-ತಪಾಸಣೆಯಿಂದ ರಕ್ಷಿಸುವ ಸಂವಿಧಾನದ ನಾಲ್ಕನೇ ತಿದ್ದುಪಡಿಯಡಿ ಆ ತಡೆ ಸಿಂಧು. ಜನಾಂಗ ತಾರತಮ್ಯವಾಗಿದೆ ಎನ್ನುವವರು ಸಂವಿಧಾನದ ಸಮಾನತೆಯ ಕಲಮಿನಡಿ ಬೇರೆ ದಾವೆ ಹೂಡಿ, ಉದ್ದೇಶವನ್ನು ಸಾಬೀತು ಮಾಡಬೇಕು. ಸಂಚಾರ ನಿಯಮಗಳು ಎಷ್ಟಿವೆಯೆಂದರೆ, ಯಾವ ಕಾರನ್ನಾದರೂ ಸ್ವಲ್ಪ ದೂರ ಹಿಂಬಾಲಿಸಿದರೆ ಒಂದಲ್ಲ ಒಂದು ತಪ್ಪು ಸಿಕ್ಕೇ ಸಿಗುತ್ತದೆ. ಮಸೂದೆ ಮುಚ್ಚಬೇಕಾದ ಕಂಡಿ ಇದು.

ವ್ಯಾಖ್ಯೆ

ಮೊದಲು ‘ಕೇವಲ’ ಎಂಬ ಪದವನ್ನು ಹುಡುಕಿ. ‘ಕೇವಲ ಜನಾಂಗದ ಆಧಾರದ ಮೇಲೆ’ ಯಾರನ್ನೂ ತಡೆಯಬಾರದು ಎಂದು ಬರೆದ ಕಾಯ್ದೆ ಇದ್ದೂ ಇಲ್ಲದಂತೆ. ಬಣ್ಣದ ಜೊತೆಗೆ ‘ಟೇಲ್ ಲೈಟ್ ಒಡೆದಿತ್ತು’ ಎಂದು ಒಂದು ಸಾಲು ಸೇರಿಸಿದರೆ ಅಧಿಕಾರಿ ಪಾರು. ಬರೆಯಬೇಕಾದದ್ದು ಹೀಗೆ: ‘ವ್ಯಕ್ತಿಯ ನಿಜವಾದ ಅಥವಾ ಅಧಿಕಾರಿ ಭಾವಿಸಿದ ಜನಾಂಗ, ಬಣ್ಣ, ಮೂಲದೇಶ ಅಥವಾ ಧರ್ಮವನ್ನು ಯಾವುದೇ ಪ್ರಮಾಣದಲ್ಲಿ ಆಧಾರವಾಗಿಟ್ಟುಕೊಳ್ಳುವುದು’. ‘ಭಾವಿಸಿದ’ ಎಂಬ ಮಾತನ್ನು ಬಿಡಬೇಡಿ. 2001ರ ಸೆಪ್ಟೆಂಬರ್ ನಂತರ ಸಿಖ್ಖರನ್ನು ಮುಸ್ಲಿಮರೆಂದು ತಿಳಿದು ಗುರಿಮಾಡಿದ್ದು ಎಲ್ಲರಿಗೂ ಗೊತ್ತು. ಕಪ್ಪು ಮೈಬಣ್ಣದ ಕನ್ನಡಿಗನನ್ನು ಲ್ಯಾಟಿನೋ ಎಂದುಕೊಂಡು ತಡೆದರೂ ಕಾಯ್ದೆ ಅವನ ಪರವಾಗಿರಬೇಕು.

ವಿನಾಯಿತಿ ಒಂದೇ ಸಾಕು: ಜಾಗ ಮತ್ತು ಸಮಯಕ್ಕೆ ಹೊಂದುವ, ನಂಬಲರ್ಹ ಮಾಹಿತಿಯು ಒಂದು ನಿರ್ದಿಷ್ಟ ಅಪರಾಧದ ಶಂಕಿತನನ್ನು ವರ್ಣಿಸಿದ್ದರೆ ಅದನ್ನು ಬಳಸಬಹುದು. ‘ಈ ಬಡಾವಣೆಯಲ್ಲಿ ಕಳ್ಳತನ ಜಾಸ್ತಿ’ ಎನ್ನುವುದು ಅಂಥ ಮಾಹಿತಿಯಲ್ಲ.

ನೆಪಗಳನ್ನೇ ಕಿತ್ತುಹಾಕುವುದು

ಒಂದೇ ಒಂದು ಕಲಂ ಉಳಿಸಿಕೊಳ್ಳುವ ಅವಕಾಶ ಸಿಕ್ಕರೆ, ಸಣ್ಣಪುಟ್ಟ ತಪ್ಪಿಗಷ್ಟೇ ಗಾಡಿ ತಡೆಯುವಂತಿಲ್ಲ ಎಂಬ ಈ ಕಲಂ ಉಳಿಸಿಕೊಳ್ಳಿ. ಉದ್ದೇಶವನ್ನು ಸಾಬೀತು ಮಾಡುವುದು ಕಷ್ಟ. ನೆಪವನ್ನು ತೆಗೆದುಹಾಕುವುದು ಸುಲಭ. ವರ್ಜೀನಿಯಾ 2020ರಲ್ಲಿ ಇಂಥ ಕಾನೂನು ಮಾಡಿ, 2021ರ ಮಾರ್ಚ್‌ನಿಂದ ಜಾರಿಗೆ ತಂದಿತು. ಕನ್ನಡಿಗೆ ತೂಗುಹಾಕಿದ ವಸ್ತು, ಗಾಜಿನ ಟಿಂಟ್, ಇಂಥ ಕಾರಣಕ್ಕಷ್ಟೇ ಅಲ್ಲಿ ಗಾಡಿ ತಡೆಯುವಂತಿಲ್ಲ. ನೋಂದಣಿ ಅವಧಿ ಮುಗಿದರೂ ನಾಲ್ಕನೇ ತಿಂಗಳ ಮೊದಲ ದಿನದವರೆಗೆ ಅದೊಂದೇ ಕಾರಣ ಸಾಲದು. ಫಿಲಡೆಲ್ಫಿಯಾ 2021ರಲ್ಲಿ ಎಂಟು ಸಣ್ಣ ತಪ್ಪುಗಳನ್ನು ಇದೇ ರೀತಿ ಪಟ್ಟಿ ಮಾಡಿತು.

ವರ್ಜೀನಿಯಾದ ಪಠ್ಯದಲ್ಲಿ ನಕಲು ಮಾಡಲೇಬೇಕಾದ ಸಾಲೊಂದಿದೆ: ಈ ನಿಯಮ ಮೀರಿದ ತಡೆಯಿಂದ ಸಿಕ್ಕ ಸಾಕ್ಷ್ಯವನ್ನು, ವ್ಯಕ್ತಿ ಒಪ್ಪಿಗೆ ಕೊಟ್ಟಿದ್ದರೂ ಸಹ, ಕೋರ್ಟು ಸ್ವೀಕರಿಸುವಂತಿಲ್ಲ. ಈ ‘ಒಪ್ಪಿಗೆ ಕೊಟ್ಟಿದ್ದರೂ’ ಯಾಕೆ ಬೇಕು? ತಪಾಸಣೆಗೆ ಬೇಡ ಎನ್ನುವ ಹಕ್ಕಿದೆ ಎಂದು ಪೊಲೀಸರು ತಿಳಿಸಲೇಬೇಕಿಲ್ಲ ಎಂದು 1973ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕತ್ತಲ ರಸ್ತೆಯಲ್ಲಿ ಸಮವಸ್ತ್ರದವರು ‘ಡಿಕ್ಕಿ ನೋಡಬಹುದಾ’ ಎಂದರೆ ಹೆಚ್ಚಿನವರು ಹೂಂ ಎನ್ನುತ್ತಾರೆ. ಅದನ್ನು ಸ್ವಂತ ಇಚ್ಛೆ ಎಂದು ಕರೆಯುವುದು ಅನ್ಯಾಯ.

ಇದರ ಜೊತೆಗೆ ಕ್ಯಾಲಿಫೋರ್ನಿಯಾದ ಒಂದು ನಿಯಮವನ್ನೂ ಸೇರಿಸಿ. ಅಲ್ಲಿ 2024ರ ಜನವರಿ 1ರಿಂದ ಅಧಿಕಾರಿ ವಿಚಾರಣೆ ಶುರುಮಾಡುವ ಮೊದಲೇ ತಡೆದ ಕಾರಣ ಹೇಳಬೇಕು. ‘ಯಾಕೆ ನಿಲ್ಲಿಸಿದೆ ಗೊತ್ತಾ?’ ಎಂದು ಚಾಲಕನನ್ನೇ ಕೇಳುವ ಹಳೆಯ ಚಾಳಿಗೆ ಅದು ತಡೆ.

ಅಂಕಿಅಂಶ

ಮಾದರಿ ಬೇಕೆಂದರೆ ಕ್ಯಾಲಿಫೋರ್ನಿಯಾದ 2015ರ ಎಬಿ 953 ಎಂಬ ಕಾಯ್ದೆ. ಪ್ರತಿ ತಡೆಗೂ ದಿನಾಂಕ, ಹೊತ್ತು, ಎಷ್ಟು ಸಮಯ ಹಿಡಿಯಿತು, ಜಾಗ, ಕಾರಣ, ತಪಾಸಣೆ ನಡೆಯಿತೇ, ಏನು ಸಿಕ್ಕಿತು, ಕೊನೆಗೆ ಏನಾಯಿತು ಎಂದು ದಾಖಲಿಸಬೇಕು. ಜನಾಂಗವನ್ನು ಚಾಲಕನಿಗೆ ಕೇಳಬಾರದು. ಅಧಿಕಾರಿ ತನಗೆ ಕಂಡಂತೆ ಬರೆಯಬೇಕು. ಅಳೆಯಬೇಕಾದದ್ದು ಅವನ ಕಣ್ಣಿಗೆ ಏನು ಕಂಡಿತು ಎಂಬುದನ್ನೇ. ಕನಿಷ್ಠ 1,000 ಪೊಲೀಸ್ ಅಧಿಕಾರಿಗಳಿರುವ ಇಲಾಖೆಗಳು 2019ರಲ್ಲಿ, ಅತಿ ಸಣ್ಣವು 2023ರಲ್ಲಿ ಮೊದಲ ವರದಿ ಕೊಟ್ಟವು. ಹೀಗೆ ಹಂತ ಹಾಕಿಕೊಟ್ಟರೆ ‘ನಮ್ಮಲ್ಲಿ ದುಡ್ಡಿಲ್ಲ’ ಎಂಬ ಸಣ್ಣ ಇಲಾಖೆಗಳ ತಕರಾರು ತಣ್ಣಗಾಗುತ್ತದೆ. ಆದರೆ ಅವನ್ನು ಪೂರ್ತಿ ಹೊರಗಿಡಲು ಒಪ್ಪಬೇಡಿ.

ತಡೆಗಳ ಲೆಕ್ಕವನ್ನು ಊರಿನ ಜನಸಂಖ್ಯೆಯ ಜೊತೆ ಮಾತ್ರ ಹೋಲಿಸಿದರೆ ವಾದ ಬಿದ್ದುಹೋಗುತ್ತದೆ, ರಸ್ತೆಯಲ್ಲಿ ಓಡಾಡುವವರೆಲ್ಲ ಆ ಊರಿನವರಲ್ಲವಲ್ಲ. ಎರಡು ಪರೀಕ್ಷೆಗಳನ್ನು ಮಸೂದೆಯಲ್ಲೇ ಹೆಸರಿಸಿ. ಒಂದು, ಕತ್ತಲೆಯ ಪರೀಕ್ಷೆ: ಸಂಜೆ ಏಳು ಗಂಟೆ ಜೂನ್‌ನಲ್ಲಿ ಬೆಳಕು, ಡಿಸೆಂಬರ್‌ನಲ್ಲಿ ಕತ್ತಲು. ಅದೇ ಗಂಟೆಯಲ್ಲಿ, ಮುಖ ಕಾಣುವ ಬೆಳಕಿನಲ್ಲಿ ತಡೆದವರ ಪೈಕಿ ಕಪ್ಪು ಜನಾಂಗದವರ ಪಾಲು ಏರಿ, ಕತ್ತಲಲ್ಲಿ ಇಳಿದರೆ ಅದು ಬಲವಾದ ಸುಳಿವು. ಇನ್ನೊಂದು, ತಪಾಸಣೆಯಲ್ಲಿ ನಿಷಿದ್ಧ ವಸ್ತು ಸಿಗುವ ಪ್ರಮಾಣ. ಒಂದು ಗುಂಪನ್ನು ಹೆಚ್ಚು ಜಾಲಾಡಿಯೂ ಕಡಿಮೆ ಸಿಗುತ್ತಿದ್ದರೆ, ಆ ಗುಂಪಿನವರನ್ನು ತಪಾಸಣೆ ಮಾಡಲು ಪೊಲೀಸರಿಗೆ ಸಣ್ಣ ಅನುಮಾನವೂ ಸಾಕಾಗುತ್ತಿದೆ ಎಂದರ್ಥ.

ಕನೆಕ್ಟಿಕಟ್‌ನಲ್ಲಿ 2023ರಲ್ಲಿ ಹೊರಬಂದ ಲೆಕ್ಕಪರಿಶೋಧನೆ, ರಾಜ್ಯ ಪೊಲೀಸರು ಪ್ರೊಫೈಲಿಂಗ್ ದತ್ತಾಂಶಕ್ಕೆ ಕಳಿಸಿದ ಸಾವಿರಾರು ಟಿಕೆಟ್‌ಗಳು (ಸಂಚಾರ ದಂಡದ ಚೀಟಿಗಳು) ಕೋರ್ಟಿನ ದಾಖಲೆಗೆ ತಾಳೆಯಾಗುವುದಿಲ್ಲ ಎಂದು ತೋರಿಸಿತು. ಹಾಗಾಗಿ ಪ್ರತಿ ವರ್ಷ ಕೋರ್ಟಿನ ದಾಖಲೆ ಮತ್ತು ಬಾಡಿ ಕ್ಯಾಮೆರಾ ಜೊತೆ ತಾಳೆ ನೋಡುವ, ಪೊಲೀಸರಿಗೆ ಸೇರದ ಸಂಸ್ಥೆ ಇರಲೇಬೇಕು. ಇನ್ನು ಮಿಸೌರಿ 2000ದಿಂದ ವಾಹನ ತಡೆಗಳ ಲೆಕ್ಕ ಇಡುತ್ತಿದೆ, ವರ್ಷವರ್ಷ ವರದಿ ಬರುತ್ತದೆ, ಜನಾಂಗಗಳ ನಡುವಿನ ಅಂತರ ಹಾಗೇ ಉಳಿದಿದೆ. ಅಂತರ ಕಂಡ ಇಲಾಖೆ ಇಂತಿಷ್ಟು ದಿನದೊಳಗೆ ಸರಿಪಡಿಸುವ ಯೋಜನೆ ಕೊಡಬೇಕು, ಕೊಡದಿದ್ದರೆ ರಾಜ್ಯದ ಅನುದಾನ ನಿಲ್ಲಬೇಕು ಎಂದು ಬರೆಯಿರಿ.

ದಾವೆಯ ದಾರಿ

ನ್ಯೂಜೆರ್ಸಿ 2003ರಲ್ಲಿ ಪ್ರೊಫೈಲಿಂಗ್ ಅನ್ನು ಕ್ರಿಮಿನಲ್ ಅಪರಾಧವಾಗಿಸಿತು. ನೋಡಲು ಗಟ್ಟಿ, ಆದರೆ ಅಧಿಕಾರಿಯ ಉದ್ದೇಶವನ್ನು ಸಂಶಯಾತೀತವಾಗಿ ಸಾಬೀತು ಮಾಡುವುದು ಬಹಳ ಕಷ್ಟ. ನೊಂದವರೇ ಸಿವಿಲ್ ದಾವೆ ಹೂಡುವ ಹಕ್ಕು ಹೆಚ್ಚು ಉಪಯುಕ್ತ. ಸುಪ್ರೀಂ ಕೋರ್ಟಿನ 2001ರ ಸ್ಯಾಂಡೋವಲ್ ತೀರ್ಪಿನ ನಂತರ, ಪರಿಣಾಮದಲ್ಲಿ ತಾರತಮ್ಯವಾಗಿದೆ ಎಂದು ಒಕ್ಕೂಟದ ನಾಗರಿಕ ಹಕ್ಕು ಕಾಯ್ದೆಯ ಆರನೇ ಅಧ್ಯಾಯದಡಿ ಖಾಸಗಿಯಾಗಿ ದಾವೆ ಹೂಡಲಾಗದು. ಆ ಹಕ್ಕನ್ನು ರಾಜ್ಯವೇ ಕೊಡಬೇಕು. ಕೊಲೊರಾಡೊದ 2020ರ ಕಾಯ್ದೆಯಲ್ಲಿ ಅಧಿಕಾರಿಗಳನ್ನು ಸಿವಿಲ್ ದಾವೆಯಿಂದ ಕಾಪಾಡುವ ‘ಕ್ವಾಲಿಫೈಡ್ ಇಮ್ಯೂನಿಟಿ’ಯ ರಕ್ಷಣೆಗೆ ಜಾಗವಿಲ್ಲ, ಸದುದ್ದೇಶದಿಂದ ನಡೆದುಕೊಂಡಿಲ್ಲವೆಂದು ಇಲಾಖೆ ತೀರ್ಮಾನಿಸಿದ ಅಧಿಕಾರಿ ಪರಿಹಾರದ ಮೊತ್ತದ ಶೇ 5 ಅಥವಾ 25,000 ಡಾಲರ್, ಯಾವುದು ಕಡಿಮೆಯೋ ಅಷ್ಟನ್ನು ಸ್ವಂತ ಜೇಬಿನಿಂದ ಕೊಡಬೇಕು.

ಸಮಿತಿಯಲ್ಲಿ

ಮಸೂದೆ ಸಾಯುವುದು ಸಾಮಾನ್ಯವಾಗಿ ಸಮಿತಿಯಲ್ಲಿ, ಅದೂ ಸದ್ದಿಲ್ಲದೆ. ಪ್ರತಿ ತಿದ್ದುಪಡಿಯ ನಂತರ ಹೊಸ ಪಠ್ಯ ಇಳಿಸಿಕೊಂಡು ಹಳೆಯದರ ಪಕ್ಕದಲ್ಲಿಟ್ಟು ಓದಿ. ‘ಮಾಡತಕ್ಕದ್ದು’ ಹೋಗಿ ‘ಮಾಡಬಹುದು’ ಬಂದಿದೆಯೇ, ‘ಹಣ ಲಭ್ಯವಿದ್ದರೆ’ ಎಂದು ಸೇರಿದೆಯೇ, ‘ಕೇವಲ’ ವಾಪಸ್ ನುಸುಳಿದೆಯೇ ನೋಡಿ. ಸಾರ್ವಜನಿಕ ಅಹವಾಲಿನಲ್ಲಿ ಮಾತಿಗೆ ಸಿಗುವುದು ಹೆಚ್ಚೆಂದರೆ ಎರಡು ಮೂರು ನಿಮಿಷ. ಕಲಮಿನ ಸಂಖ್ಯೆ ಹೇಳಿ, ಬೇಕಾದ ಪದಬದಲಾವಣೆಯನ್ನು ಲಿಖಿತವಾಗಿ ಮೊದಲೇ ಕೊಡಿ. ಎಚ್-1ಬಿ ಅಥವಾ ಗ್ರೀನ್ ಕಾರ್ಡ್‌ನಲ್ಲಿರುವವರಿಗೆ ಮತದಾನದ ಹಕ್ಕಿಲ್ಲದಿದ್ದರೂ ಶಾಸಕರಿಗೆ ಪತ್ರ ಬರೆಯಲು, ಸಮಿತಿಯ ಮುಂದೆ ಮಾತನಾಡಲು ಅಡ್ಡಿಯಿಲ್ಲ.