ರಟ್ಟಿನ ಬಿಲ್ಲೆ ತಳ್ಳಿ ರೋಬೋಟ್ ವ್ಯಾಕ್ಯೂಮ್ ಆರಿಸಿಕೊಂಡ ನನ್ನ ಅನುಭವ

ನಮ್ಮ ಮನೆಗೆ ಬಂದ ಮೂರನೆಯ ರೋಬೋಟ್ ವ್ಯಾಕ್ಯೂಮ್ ಹದಿನಾಲ್ಕು ತಿಂಗಳಿಂದ ದಿನ ಬಿಟ್ಟು ದಿನ ಕೆಲಸ ಮಾಡುತ್ತಿದೆ. ಈ ಅವಧಿಯಲ್ಲಿ ಅದು ಇನ್ನೂರಕ್ಕೂ ಹೆಚ್ಚು ಸಲ ಮನೆ ಗುಡಿಸಿರಬೇಕು. ಎಲ್ಲೋ ಸಿಕ್ಕಿಕೊಂಡು ನಿಂತು, ನಾನು ಹೋಗಿ ಬಿಡಿಸಬೇಕಾಗಿ ಬಂದದ್ದು ಹತ್ತು ಹನ್ನೊಂದು ಸಲ ಮಾತ್ರ. ಮೊದಲಿನ ಎರಡು ಯಂತ್ರಗಳಿದ್ದಾಗ ಇಷ್ಟು ಸಲ ಏಳುವುದು ಒಂದೆರಡು ವಾರದಲ್ಲೇ ಆಗಿಹೋಗುತ್ತಿತ್ತು. ಮೂರನೆಯದನ್ನು ಆರಿಸುವಾಗ ನಾನು ಮಾಡಿದ್ದು ಇಷ್ಟೇ: ಯಂತ್ರಗಳ ವಿವರಪಟ್ಟಿಯನ್ನು ಪಕ್ಕಕ್ಕಿಟ್ಟು ಮೊದಲು ಮನೆಯನ್ನು ಅಳೆದೆ, ಯಂತ್ರದ ಅಳತೆಯದೇ ಒಂದು ರಟ್ಟಿನ ಬಿಲ್ಲೆ ಮಾಡಿದೆ, ಅದನ್ನು ಕೋಲಿನಿಂದ ಕೋಣೆ ಕೋಣೆಗೂ ತಳ್ಳಿ ನೋಡಿದೆ. ಅದನ್ನು ಕಂಡ ಅಕ್ಕ, “ಇನ್ನೊಂದು ಸಲ ದುಡ್ಡು ಕಳೆಯುವುದಕ್ಕೆ ಇಷ್ಟೆಲ್ಲ ಸಿದ್ಧತೆ ಬೇಕೇನೋ?” ಎಂದಿದ್ದಳು. ಕಚೇರಿಯ ಗೆಳೆಯರಂತೂ ಹೆಚ್ಚು ಪಾಸ್ಕಲ್, ಅಂದರೆ ಪೆಟ್ಟಿಗೆಯ ಮೇಲೆ ಬರೆದ ಹೀರುವ ಶಕ್ತಿಯ ಅಂಕಿ ದೊಡ್ಡದಾಗಿ ಇರುವುದನ್ನು ಕೊಂಡರೆ ಎಲ್ಲ ಸರಿಹೋಗುತ್ತದೆ ಎಂದೇ ವಾದಿಸಿದರು. ಆಮೇಲೆ ಅಕ್ಕನ ಮನೆಗೂ ಇಬ್ಬರು ಗೆಳೆಯರ ಮನೆಗೂ ಯಂತ್ರ ಆರಿಸಿಕೊಟ್ಟವನು ನಾನೇ, ಮೂರೂ ಇಂದಿಗೂ ಓಡುತ್ತಿವೆ.

ಮೊದಲನೆಯ ಯಂತ್ರವನ್ನು ಅಗ್ಗವೆಂಬ ಒಂದೇ ಕಾರಣಕ್ಕೆ ಕೊಂಡಿದ್ದೆ. ಅದು ನಕ್ಷೆ ಮಾಡಿಕೊಳ್ಳದ ಜಾತಿಯದು. ಗೋಡೆಗೆ ತಾಗಿದರೆ ತಿರುಗಿ ಮತ್ತೊಂದು ದಿಕ್ಕಿಗೆ ಹೊರಡುವುದಷ್ಟೇ ಅದರ ವಿದ್ಯೆ. 2002ರಲ್ಲಿ ರೂಂಬಾ ಎಂಬ ರೋಬೋಟ್ ವ್ಯಾಕ್ಯೂಮ್ ಬಂದಾಗ ಅದೂ ಹೆಚ್ಚುಕಡಿಮೆ ಹೀಗೆಯೇ ಓಡುತ್ತಿತ್ತು, ಒಂದೇ ಕೋಣೆಯ ಮಟ್ಟಿಗೆ ಆ ಕ್ರಮ ಇಂದಿಗೂ ಸಾಕು. ಆದರೆ ನಮ್ಮ ಮನೆಯಲ್ಲಿ ನಾಲ್ಕು ಕೋಣೆಗಳಿವೆ. ಯಂತ್ರ ಹಜಾರದಲ್ಲೇ ಮುಕ್ಕಾಲು ಗಂಟೆ ಸುತ್ತಿ, ಒಂದೇ ಜಾಗವನ್ನು ಐದಾರು ಸಲ ಗುಡಿಸಿ, ಒಳಗಿನ ಕೋಣೆಯ ಬಾಗಿಲನ್ನು ಕಾಣುವ ಮೊದಲೇ ಬ್ಯಾಟರಿ ಮುಗಿಸಿಕೊಳ್ಳುತ್ತಿತ್ತು. ಒಂದು ವಾರ ನಾನು ಪ್ರತಿ ಕೋಣೆಯ ಮೂಲೆಯಲ್ಲೂ ಚಿಟಿಕೆಯಷ್ಟು ಸೀಮೆಸುಣ್ಣದ ಪುಡಿ ಹಾಕಿಟ್ಟು, ಮಾರನೆಯ ದಿನ ನೋಡುತ್ತ ಬಂದೆ. ಹದಿನಾರು ಮೂಲೆಗಳಲ್ಲಿ ಸರಾಸರಿ ಆರೋ ಏಳೋ ಮಾತ್ರ ಶುದ್ಧವಾಗಿರುತ್ತಿದ್ದವು, ಅದೂ ದಿನಕ್ಕೊಂದು ಬೇರೆ ಮೂಲೆ. ನಾಲ್ಕು ತಿಂಗಳ ನಂತರ ಅದನ್ನು ಎತ್ತಿಟ್ಟೆ.

ಎರಡನೆಯದು ನಿಜವಾದ ನಷ್ಟ. ಬೆಲೆ ಮೊದಲಿನದರ ಎರಡೂವರೆ ಪಟ್ಟು. ಮೇಲೆ ಲೈಡಾರ್ (ಲೇಸರ್ ಕಿರಣದಿಂದ ಸುತ್ತಲಿನ ದೂರ ಅಳೆಯುವ ಸಾಧನ) ಇರುವ ಪುಟ್ಟ ಗೋಪುರ, ಆ್ಯಪಿನಲ್ಲಿ ನಕ್ಷೆ, ಒರೆಸುವ ಬಟ್ಟೆ, ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಹೀರುವ ಶಕ್ತಿಯ ದೊಡ್ಡ ಅಂಕಿ. ಯಂತ್ರವಾಗಿ ಅದರಲ್ಲಿ ದೋಷವೇನೂ ಇರಲಿಲ್ಲ, ಆದರೆ ಅದು ನಮ್ಮ ಮನೆಗೆ ಹೊಂದುವ ಯಂತ್ರವಾಗಿರಲಿಲ್ಲ. ಗೋಪುರವೂ ಸೇರಿ ಅದರ ಎತ್ತರ 9.7 ಸೆಂಟಿಮೀಟರ್. ನಮ್ಮ ಮಂಚದ ಅಡಿಯ ತೆರವು ಒಂದು ಬದಿಯಲ್ಲಿ ಸುಮಾರು 10, ಇನ್ನೊಂದು ಬದಿಯಲ್ಲಿ 9.4, ಏಕೆಂದರೆ ನಡುವಿನ ಹಲಗೆ ಭಾರಕ್ಕೆ ಸ್ವಲ್ಪ ಬಾಗಿತ್ತು. ಯಂತ್ರ ಎತ್ತರದ ಬದಿಯಿಂದ ಸಲೀಸಾಗಿ ನುಗ್ಗಿ, ಒಳಗೆ ಹೋಗುತ್ತ ಹೋಗುತ್ತ ಬೆಣೆಯಂತೆ ಸಿಕ್ಕಿಕೊಳ್ಳುತ್ತಿತ್ತು. ಮೂರು ಮಿಲಿಮೀಟರಿಗಾಗಿ ನಾನು ನೆಲದ ಮೇಲೆ ಮಲಗಿ, ಕೈ ಚಾಚಿ ಅದನ್ನು ಹೊರಗೆಳೆದ ಸಲಗಳಿಗೆ ಲೆಕ್ಕವಿಲ್ಲ. ಆಳೆತ್ತರದ ಕನ್ನಡಿಯೊಂದು ನೆಲಕ್ಕೆ ತಾಗಿ ನಿಂತಿತ್ತು. ಲೇಸರ್ ಕಿರಣ ಕನ್ನಡಿಯಲ್ಲಿ ಪ್ರತಿಫಲಿಸಿ, ಅದರಾಚೆ ಇನ್ನೊಂದು ಕೋಣೆ ಇದೆಯೆಂದು ನಕ್ಷೆಯಲ್ಲಿ ಬರೆಯುತ್ತಿತ್ತು. ಜೊತೆಗೆ, ಕಪ್ಪು ಅಂಚಿನ ಒಂದು ಕಾರ್ಪೆಟ್ಟಿನ ಹತ್ತಿರ ಬಂದೊಡನೆ ಅದು ಮೆಟ್ಟಿಲಿನ ಅಂಚು ಕಂಡಂತೆ ಹಿಂದೆ ಸರಿಯುತ್ತಿತ್ತು. ಅಡಿಯ ಸೆನ್ಸರುಗಳು ಅತಿಗೆಂಪು ಬೆಳಕು ಮರಳಿ ಬರುವುದನ್ನು ನೋಡಿಯೇ ನೆಲವಿದೆಯೆಂದು ತಿಳಿಯುತ್ತವೆ, ಕಡುಗಪ್ಪು ಬಣ್ಣ ಆ ಬೆಳಕನ್ನು ನುಂಗಿಬಿಡುತ್ತದೆ. ಆ ಸೆನ್ಸರುಗಳಿಗೆ ಟೇಪು ಅಂಟಿಸಿ, ಅವು ಯಾವಾಗಲೂ ನೆಲವಿದೆಯೆಂದೇ ತಿಳಿಯುವಂತೆ ಮಾಡುವ ಉಪಾಯವೊಂದಿದೆ. ಮನೆಯಲ್ಲಿ ಮೆಟ್ಟಿಲಿರುವವರು ಅದನ್ನು ಮಾಡಲೇಬಾರದು, ನಾನೂ ಮಾಡಲಿಲ್ಲ. ಒಂದು ವರ್ಷವೂ ತುಂಬದ ಆ ಯಂತ್ರವನ್ನು ಕೊನೆಗೆ ಕೊಂಡ ಬೆಲೆಯ ಐದರಲ್ಲಿ ಎರಡು ಪಾಲಿಗೆ ಮಾರಿದೆ.

ಬಿಲ್ಲೆಯ ಯೋಚನೆ ಬಂದದ್ದು ಆ ಮೂರು ಮಿಲಿಮೀಟರಿನಿಂದಲೇ. ದಪ್ಪ ರಟ್ಟಿನಲ್ಲಿ 35 ಸೆಂಟಿಮೀಟರ್ ವ್ಯಾಸದ ಎರಡು ವೃತ್ತ ಕತ್ತರಿಸಿ, ನಡುವೆ ಎಂಟು ಸೆಂಟಿಮೀಟರ್ ಅಗಲದ ಪಟ್ಟಿ ಸುತ್ತಿ ಅಂಟಿಸಿದೆ. ಗೋಪುರಕ್ಕೆಂದು ಒಂದು ಡಬ್ಬಿಯ ಮುಚ್ಚಳವನ್ನು ಮೇಲಿಟ್ಟೆ; ಅದನ್ನು ತೆಗೆದರೆ ಗೋಪುರವಿಲ್ಲದ ಮಾದರಿಯ ಎತ್ತರ ಸಿಗುತ್ತದೆ. ನಾಲ್ಕು ಕೋಣೆಗಳಲ್ಲೂ ಗೋಡೆಯಂಚು, ಮೇಜಿನಡಿ, ಮಂಚದಡಿ, ಪರದೆಯ ಹಿಂದೆ ಎಲ್ಲೆಡೆ ಅದನ್ನು ತಳ್ಳಿ, ಸಿಕ್ಕಿಕೊಂಡಲ್ಲೆಲ್ಲ ಕೆಂಪು ಚೀಟಿ ಅಂಟಿಸಿದೆ. ಒಟ್ಟು ಹದಿನಾಲ್ಕು ಚೀಟಿಗಳಾದವು. ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಪರಿಹಾರ ಹೊಸ ಯಂತ್ರದಲ್ಲಿಲ್ಲ, ಪೀಠೋಪಕರಣದಲ್ಲಿದೆ ಎಂಬುದು ಅಲ್ಲಿಯೇ ಸ್ಪಷ್ಟವಾಯಿತು. ಮಂಚದ ಕಾಲುಗಳಿಗೆ ಎರಡು ಸೆಂಟಿಮೀಟರ್ ದಪ್ಪದ ಮರದ ತುಂಡು ಕೊಟ್ಟೆ. ಆರು ಕುರ್ಚಿಗಳಲ್ಲಿ ನಾಲ್ಕರ ಕಾಲುಗಳ ನಡುವೆ 38 ಸೆಂಟಿಮೀಟರ್ ತೆರವಿತ್ತು. ಬಿಲ್ಲೆ ತೂರಿದರೂ ಯಂತ್ರ ಅಲ್ಲಿ ತಡವರಿಸುತ್ತದೆಯೆಂದು ಎರಡನೆಯ ಯಂತ್ರದಿಂದ ಕಲಿತಿದ್ದೆ. ಯಂತ್ರದ ವ್ಯಾಸಕ್ಕಿಂತ ನಾಲ್ಕೈದು ಸೆಂಟಿಮೀಟರ್ ಹೆಚ್ಚು ಜಾಗವಿಲ್ಲದಿದ್ದರೆ ಅದನ್ನು ದಾರಿಯೆಂದು ಲೆಕ್ಕ ಹಿಡಿಯಬಾರದು. ಗುಡಿಸುವ ದಿನ ಆ ನಾಲ್ಕು ಕುರ್ಚಿಗಳನ್ನು ಈಗ ಒಂದು ಬದಿಗೆ ಸರಿಸಿಡುತ್ತೇವೆ. ಸೋಫಾವನ್ನು ಮಾತ್ರ ಏರಿಸಲಾಗಲಿಲ್ಲ. ಅದರಡಿಯನ್ನು ನಕ್ಷೆಯಲ್ಲಿ ನಿಷಿದ್ಧ ವಲಯ ಮಾಡಿ, ತಿಂಗಳಿಗೊಮ್ಮೆ ಪೊರಕೆಯಿಂದಲೇ ಗುಡಿಸುತ್ತೇನೆ. ಎಲ್ಲ ಮುಗಿದ ಮೇಲೆ ಉಳಿದದ್ದು ಮೂರು ಕೆಂಪು ಚೀಟಿ. ಮರದ ತುಂಡುಗಳಿಗೆ ತಗುಲಿದ ಖರ್ಚು ಯಂತ್ರದ ಪಕ್ಕದಲ್ಲಿ ತಿರುಗುವ ಪುಟ್ಟ ಬ್ರಶ್ಶಿನ ಒಂದು ಜೊತೆಯ ಬೆಲೆಯಷ್ಟೂ ಇರಲಿಲ್ಲ.

ಹೊಸ್ತಿಲನ್ನು ರಟ್ಟು ಪರೀಕ್ಷಿಸಲಾರದು. ನಮ್ಮ ಒಳಕೋಣೆಯ ಹೊಸ್ತಿಲು 1.8 ಸೆಂಟಿಮೀಟರ್. ಎರಡು ಸೆಂಟಿಮೀಟರ್ ಹತ್ತುತ್ತದೆಯೆಂದು ಬರೆದುಕೊಂಡಿದ್ದ ಎರಡನೆಯ ಯಂತ್ರ, ನೇರವಾಗಿ ಬಂದರೆ ಹತ್ತುತ್ತಿತ್ತು, ಓರೆಯಾಗಿ ಬಂದರೆ ಒಂದು ಚಕ್ರ ಮೇಲೆ ಒಂದು ಚಕ್ರ ಕೆಳಗಾಗಿ ಅಲ್ಲೇ ಉಳಿಯುತ್ತಿತ್ತು, ಒರೆಸುವ ತಟ್ಟೆ ಜೋಡಿಸಿದ್ದರಂತೂ ಹತ್ತುತ್ತಲೇ ಇರಲಿಲ್ಲ. ಹೀಗಾಗಿ ಬರೆದ ಅಂಕಿಯಿಂದ ಅರ್ಧ ಸೆಂಟಿಮೀಟರ್ ಕಳೆದೇ ಓದುವುದು ನನ್ನ ರೂಢಿ. ಏಳು ಸೆಂಟಿಮೀಟರ್ ಉದ್ದದ ಮರದ ಇಳಿಜಾರೊಂದನ್ನು ಹೊಸ್ತಿಲಿನ ಎರಡೂ ಬದಿಗೆ ಇಟ್ಟು, ಜಾರದಂತೆ ಮೇಲೆ ಒರಟು ಪಟ್ಟಿ ಅಂಟಿಸಿದ ಮೇಲೆ ಆ ಸಮಸ್ಯೆ ಮತ್ತೆ ಬಂದಿಲ್ಲ. ಕಪ್ಪು ಕಾರ್ಪೆಟ್ಟಿನ ವಿಷಯದಲ್ಲಿ ಊಹೆಗೆ ಜಾಗವೇ ಇರಲಿಲ್ಲ. ನಾನು ಕಣ್ಣಿಟ್ಟಿದ್ದ ಮಾದರಿ ಒಬ್ಬ ಗೆಳೆಯನ ಮನೆಯಲ್ಲಿತ್ತು; ಕಾರ್ಪೆಟ್ಟನ್ನು ಸುರುಳಿ ಸುತ್ತಿಕೊಂಡು ಅಲ್ಲಿಗೇ ಒಯ್ದು, ಅವನ ಯಂತ್ರವನ್ನು ಅದರ ಮೇಲೆ ಮೂರು ಸಲ ಓಡಿಸಿದೆ. ಮೂರು ಸಲವೂ ಅಂಚಿನಲ್ಲಿ ಒಂದು ಕ್ಷಣ ನಿಧಾನವಾಯಿತು, ಆದರೆ ದಾಟಿತು.

ಹೀರುವ ಶಕ್ತಿಯ ಅಂಕಿಯ ಬಗ್ಗೆ ನನಗಿದ್ದ ಭ್ರಮೆ ಹೋದದ್ದು ಮರಳಿನ ಪ್ರಯೋಗದಿಂದ. ಪಾಸ್ಕಲ್ ಎಂಬುದು ಒತ್ತಡದ ಅಳತೆ. ಎಷ್ಟು ಗಾಳಿ ಹರಿಯುತ್ತದೆ, ಬ್ರಶ್ಶು ನೆಲಕ್ಕೆ ಎಷ್ಟು ಒತ್ತಿ ನಿಲ್ಲುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಎರಡನೆಯ ಯಂತ್ರವನ್ನು ಮಾರುವ ಮೊದಲು ನೆಲದ ಮೇಲೆ ಟೇಪಿನಿಂದ ಒಂದು ಮೀಟರ್ ಚೌಕ ಗುರುತಿಸಿ, ಜರಡಿ ಹಿಡಿದ ನುಣ್ಣನೆಯ ಒಣ ಮರಳನ್ನು 20 ಗ್ರಾಂ ತೂಗಿ ಹರಡಿದೆ. ಓಡಿಸುವ ಮೊದಲು ಒಮ್ಮೆ, ಓಡಿಸಿದ ಮೇಲೆ ಒಮ್ಮೆ ಕಸದ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟೆ. ಗಟ್ಟಿ ನೆಲದಲ್ಲಿ ಮೆಲ್ಲನೆಯ ಮೋಡ್ ಸುಮಾರು 17 ಗ್ರಾಂ ಎತ್ತಿತು, ಅತಿ ಹೆಚ್ಚಿನ ಮೋಡ್ ಹದಿನೆಂಟೂವರೆ. ಇಷ್ಟು ಸಣ್ಣ ವ್ಯತ್ಯಾಸಕ್ಕಾಗಿ ಬ್ಯಾಟರಿಯ ಓಟ ಅರ್ಧಕ್ಕಿಳಿಯಿತು, ಪಕ್ಕದ ಕೋಣೆಯಲ್ಲಿ ಕುಳಿತು ಮಾತನಾಡುವುದೂ ಕಷ್ಟವಾಯಿತು. ಕಾರ್ಪೆಟ್ಟಿನ ಮೇಲೆ ಮಾತ್ರ ಅಂಕಿಗೆ ಬೆಲೆಯಿತ್ತು: ಮೆಲ್ಲನೆಯದರಲ್ಲಿ 7 ಗ್ರಾಂ, ಹೆಚ್ಚಿನದರಲ್ಲಿ 12. ಅಲ್ಲಿಗೆ ನನ್ನ ತೀರ್ಮಾನವಾಯಿತು. ಮನೆಯ ಮುಕ್ಕಾಲು ಪಾಲು ಗಟ್ಟಿ ನೆಲವಾಗಿದ್ದರೆ ಆ ದೊಡ್ಡ ಅಂಕಿಗೆ ಹಣ ಕೊಡಬೇಕಾಗಿಲ್ಲ. ಕಾರ್ಪೆಟ್ಟನ್ನು ಗುರುತಿಸಿ ಅಲ್ಲಿ ಮಾತ್ರ ತಾನೇ ಜೋರು ಮಾಡಿಕೊಳ್ಳುವ ಯಂತ್ರ ಸಾಕು.

ಇದೇ ಪ್ರಯೋಗದಲ್ಲಿ ಮತ್ತೊಂದು ಸಂಗತಿ ತಿಳಿಯಿತು. ಪಕ್ಕದ ಬ್ರಶ್ಶನ್ನು ಕಳಚಿ ಓಡಿಸಿದಾಗ ಚೌಕದ ನಡುವಿನಿಂದ ಎದ್ದ ಮರಳು ಮುಂಚಿಗಿಂತ ತುಸು ಹೆಚ್ಚೇ ಇತ್ತು, ಏಕೆಂದರೆ ಗಿರಗಿರನೆ ತಿರುಗುವ ಆ ಬ್ರಶ್ಶು ಕಾಳುಕಾಳಾದ ಕಸವನ್ನು ಹೀರುವ ಬಾಯಿಗೆ ತರುವುದಕ್ಕಿಂತ ದೂರಕ್ಕೆ ಎರಚುತ್ತಿತ್ತು. ಗೋಡೆಯಂಚಿಗೆ ಬ್ರಶ್ಶು ಬೇಕೇ ಬೇಕು. ಆದ್ದರಿಂದ ಅದನ್ನು ಕಳಚದೆಯೇ ಎರಚುವುದನ್ನು ತಗ್ಗಿಸಲು ಒಂದು ಉಪಾಯ ಕಂಡುಕೊಂಡಿದ್ದೇನೆ. ಒಂದು ಕತ್ತರಿ, ಹತ್ತು ನಿಮಿಷ ಸಾಕು. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕೂದಲಿನ ವಿಷಯವನ್ನು ಯಾವ ವಿವರಪಟ್ಟಿಯೂ ಪ್ರಾಮಾಣಿಕವಾಗಿ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಮೂವರಿಗೆ ಉದ್ದ ಕೂದಲು. ಬಿರುಗೂದಲಿನ ಮುಖ್ಯ ಬ್ರಶ್ಶಿನಿಂದ ವಾರಕ್ಕೆರಡು ಸಲ ಬ್ಲೇಡಿನಲ್ಲಿ ಕೂದಲು ಕತ್ತರಿಸಿ ತೆಗೆಯಬೇಕಾಗಿತ್ತು. ರಬ್ಬರ್ ರೋಲರ್ ಇರುವ ಈಗಿನ ಯಂತ್ರಕ್ಕೆ ಮೂರು ವಾರಕ್ಕೊಮ್ಮೆ ಸಾಕು. ಆದರೆ ಕೂದಲು ರೋಲರನ್ನು ಬಿಟ್ಟು ಬೇರೆ ಎರಡು ಜಾಗ ಹುಡುಕಿಕೊಳ್ಳುತ್ತದೆ: ರೋಲರಿನ ಎರಡು ತುದಿಯನ್ನು ಹಿಡಿದಿಡುವ ಬಳೆಗಳು (ಬುಶ್‌ಗಳು), ಮತ್ತು ಮುಂದಿನ ಪುಟ್ಟ ಚಕ್ರದ ಅಚ್ಚು. ಒಮ್ಮೆ ಯಂತ್ರ ಎಳೆದಂತೆ ಓಡುತ್ತಿದೆಯೆನ್ನಿಸಿ ಮುಂದಿನ ಚಕ್ರವನ್ನು ಎಳೆದು ತೆಗೆದೆ. ಅಚ್ಚಿನ ಸುತ್ತ ಕೂದಲು ಬೆಳ್ಳಿಯ ಉಂಗುರದಷ್ಟು ದಪ್ಪವಾಗಿ, ಗಟ್ಟಿಯಾಗಿ ಸುತ್ತಿಕೊಂಡಿತ್ತು. ಅದನ್ನು ಬಿಡಿಸಿದ ಮೇಲೆ ಚಕ್ರದ ಕರಕರ ಸದ್ದೂ ನಿಂತಿತು. ಹೀಗಾಗಿ ಸ್ಕ್ರೂಡ್ರೈವರ್ ಇಲ್ಲದೆ ಕೈಯಿಂದಲೇ ಮುಂದಿನ ಚಕ್ರವನ್ನು ಎಳೆದು ತೆಗೆಯಲಾಗುವುದೇ, ರೋಲರಿನ ತುದಿಗಳು ಬಿಚ್ಚುತ್ತವೆಯೇ ಎಂಬುದನ್ನು ಯಂತ್ರ ಮಗುಚಿ ನೋಡಿಯೇ ಕೊಂಡೆ. ಮಾರುವವನಿಗೆ ಅದು ಹಿಡಿಸಲಿಲ್ಲ, ನಾನು ಬಿಡಲಿಲ್ಲ.

ನಕ್ಷೆಯ ವಿಚಾರದಲ್ಲಿ ಲೈಡಾರನ್ನೇ ಉಳಿಸಿಕೊಂಡೆ. ಗೋಪುರವಿಲ್ಲದ ಕ್ಯಾಮೆರಾ ಯಂತ್ರವೊಂದನ್ನು ಅದೇ ಗೆಳೆಯನ ನೆರೆಮನೆಯಲ್ಲಿ ನೋಡಿದೆ. ಹಗಲಿನಲ್ಲಿ ಚೆನ್ನಾಗಿಯೇ ಓಡಿತು, ಪರದೆ ಎಳೆದು ದೀಪ ಆರಿಸಿದಾಗ ದಾರಿ ತಪ್ಪಿತು. ನಮ್ಮ ಯಂತ್ರ ಓಡುವುದು ಬೆಳಗಿನ ಜಾವ, ಕತ್ತಲಿನಲ್ಲಿ. ಕನ್ನಡಿಯ ಕೆಳಗಿನ ಹತ್ತು ಹನ್ನೆರಡು ಸೆಂಟಿಮೀಟರಿಗೆ, ಗೋಪುರದ ಮಟ್ಟವನ್ನು ಮುಚ್ಚುವಂತೆ, ಮಂಕಾದ ಬಿಳಿ ಪಟ್ಟಿಯೊಂದನ್ನು ಅಂಟಿಸಿದ ಮೇಲೆ ಇಲ್ಲದ ಕೋಣೆ ನಕ್ಷೆಯಿಂದ ಮಾಯವಾಯಿತು. 

ಹಣದ ಮಾತಿಗೆ ಬರುತ್ತೇನೆ. ಮೂರನೆಯ ಯಂತ್ರದ ಬೆಲೆ ಎರಡನೆಯದರ ಮೂರರಲ್ಲಿ ಎರಡು ಪಾಲು. ಆದರೆ ಕೊಳ್ಳುವ ಮೊದಲು ನಾನು ಲೆಕ್ಕ ಹಾಕಿದ್ದು ಮೂರು ವರ್ಷದ ಒಟ್ಟು ಖರ್ಚನ್ನು: ವರ್ಷಕ್ಕೆ ಮೂರು ನಾಲ್ಕು ಫಿಲ್ಟರ್, ನಾಲ್ಕು ಪಕ್ಕದ ಬ್ರಶ್ಶು, ಒಂದು ರೋಲರ್, ಮೂರು ವರ್ಷಕ್ಕೆ ಒಂದು ಬ್ಯಾಟರಿ. ಇವೆಲ್ಲ ಸೇರಿ ಯಂತ್ರದ ಬೆಲೆಯ ಮೂರನೆಯ ಒಂದು ಪಾಲಿನಷ್ಟಾಗುತ್ತವೆ. ಬಿಡಿಭಾಗಗಳು ಸಿಗದ ಮಾದರಿಗಳನ್ನು, ಎಷ್ಟೇ ಚೆಂದವಿದ್ದರೂ, ಅಲ್ಲಿಗೇ ಕೈಬಿಟ್ಟೆ. ಕಸವನ್ನು ತಾನೇ ಚೀಲಕ್ಕೆ ಎಳೆದುಕೊಳ್ಳುವ ಡಾಕ್ (ಯಂತ್ರ ಚಾರ್ಜಿಗೆ ಬಂದು ನಿಲ್ಲುವ ಪೀಠ) ಬೇಡವೆಂದೂ ಆಗಲೇ ನಿರ್ಧರಿಸಿದೆ. ಚೀಲಗಳ ಖರ್ಚು ಪ್ರತ್ಯೇಕ, ಉದ್ದ ಕೂದಲಿನ ಉಂಡೆ ಅದರ ಕೊಳವೆಯಲ್ಲಿ ಸಿಕ್ಕಿಕೊಳ್ಳುವುದು ಬೇರೆ. ನಾನೂರು ಮಿಲಿಲೀಟರಿನ ಡಬ್ಬಿಯನ್ನು ಎರಡು ಓಟಕ್ಕೊಮ್ಮೆ ಕೈಯಿಂದ ಸುರಿಯುವುದು ಅರ್ಧ ನಿಮಿಷದ ಕೆಲಸ. ಅಕ್ಕನ ಮನೆಯಲ್ಲಿ ನಾಯಿಯಿದೆ, ಅವಳಿಗೆ ಧೂಳಿನ ತೊಂದರೆಯೂ ಇದೆ. ಅಲ್ಲಿಗೆ ಡಾಕ್ ಇರುವುದನ್ನೇ ಕೊಡಿಸಿದೆ. ಫಿಲ್ಟರನ್ನು ತೊಳೆದರೆ ಇಪ್ಪತ್ತನಾಲ್ಕು ಗಂಟೆ ಒಣಗಿಸಲೇಬೇಕು. ಒಮ್ಮೆ ಆತುರಪಟ್ಟು ಹಸಿಯಾಗಿಯೇ ಹಾಕಿದ್ದಕ್ಕೆ ಧೂಳು ಕೆಸರಿನಂತೆ ಮೆತ್ತಿಕೊಂಡು, ವಾಸನೆ ಹಿಡಿದು, ಆ ಫಿಲ್ಟರನ್ನು ಎಸೆಯಬೇಕಾಯಿತು. ಅಂದಿನಿಂದ ಎರಡನ್ನು ಇಟ್ಟುಕೊಂಡು ಸರದಿಯಲ್ಲಿ ಬಳಸುತ್ತೇನೆ.

ಒರೆಸುವ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂದೆ ಒದ್ದೆ ಬಟ್ಟೆ ಎಳೆದುಕೊಂಡು ಹೋಗುವ ಮಾದರಿ ಧೂಳಿನ ತೆಳುಪದರವನ್ನು ತೆಗೆಯುತ್ತದೆ, ಅಂಟಿದ ಕಲೆಯನ್ನು ತೆಗೆಯುವುದಿಲ್ಲ. ತಿರುಗುವ ಬಟ್ಟೆಯ ಮಾದರಿ ಅದಕ್ಕಿಂತ ಮೇಲು, ಆದರೆ ಕಾರ್ಪೆಟ್ ಬಂದಾಗ ಬಟ್ಟೆಯನ್ನು ಮೇಲೆತ್ತಿಕೊಳ್ಳುವ ಏರ್ಪಾಡು ಇರಲೇಬೇಕು. ನಾವು ಒರೆಸುವುದನ್ನು ಇಂದಿಗೂ ಕೈಯಿಂದಲೇ ಮಾಡುತ್ತೇವೆ, ಆ ಬಾಬತ್ತಿಗೆ ಹಣ ತೆರಲಿಲ್ಲ.

ಸದ್ಯ ಬ್ಯಾಟರಿಯ ಮೇಲೆ ಕಣ್ಣಿಟ್ಟಿದ್ದೇನೆ. ಹೊಸದರಲ್ಲಿ ಒಂದು ಚಾರ್ಜಿಗೆ 110 ನಿಮಿಷ ಓಡುತ್ತಿತ್ತು, ಈಗ 95ರ ಹತ್ತಿರ ಬಂದಿದೆ. ನಮ್ಮ ಮನೆ ಮುಗಿಸಲು ಎಪ್ಪತ್ತು ನಿಮಿಷ ಬೇಕು. ಓಟ ಎಂಬತ್ತಕ್ಕೆ ಇಳಿದ ವಾರವೇ ಹೊಸದನ್ನು ತರಿಸಿ ನಾನೇ ಹಾಕುತ್ತೇನೆ. ನಾಲ್ಕು ಸ್ಕ್ರೂ, ಒಂದು ಕನೆಕ್ಟರ್, ಅಷ್ಟೇ ಕೆಲಸವೆಂದು ಈಗಾಗಲೇ ಒಮ್ಮೆ ಬಿಚ್ಚಿ ನೋಡಿಕೊಂಡಿದ್ದೇನೆ.